ನಾಲ್ಕನೇ ಜ್ವರ ಎದ್ದ ಚನ್ನಲಿಂಗಪ್ಪ

ದೊಡ್ಡಆಲಹಳ್ಳಿಯ ಸುತ್ತಮುತ್ತ ಯಾರ ಮನೆಯ ರೇಷ್ಮೆ ಹುಳು ಸೊಪ್ಪು ಕಂಡು ಮುಖ ತಿರುಗಿಸಿದರೂ ಮೊದಲ ಫೋನು ಹೋಗುವುದು ಚನ್ನಲಿಂಗಪ್ಪನವರಿಗೆ. ಅವರು ತಕ್ಷಣ ಉತ್ತರ ಹೇಳುವವರಲ್ಲ. ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾರೆ. ಆಮೇಲೆ "ಪೆನ್ನು ತಗ, ಬರ್ಕೊ" ಅನ್ನುತ್ತಾರೆ. ಆ ಕಡೆಯವನು ಬರೆದುಕೊಳ್ಳುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿರುವ ವಿಷಯ. ಆದರೂ ಅವನು ಪೆನ್ನು ಹುಡುಕುವಷ್ಟು ಹೊತ್ತು ಸುಮ್ಮನಿದ್ದು, "ಹ್ಞೂ, ಹೇಳಣ್ಣ" ಅನ್ನುತ್ತಾನೆ.

"ಹುಳಕ್ಕೆ ಹೊತ್ತು ಗೊತ್ತೈತೆ ಕಣ್ಲಾ, ನಿಂಗೇ ಗೊತ್ತಿಲ್ಲ. ಆರಕ್ಕೆ ಅಂದ್ರೆ ಆರಕ್ಕೆ ಸೊಪ್ಪು ಹಾಕ್ಬೇಕು. ನೀನು ಟೀ ಕುಡ್ದು, ಪೇಪರ್ ಓದಿ, ಎಂಟಕ್ಕೆ ಹಾಕ್ತೀನಿ ಅಂದ್ರೆ ಅದೇನು ನಿನ್ನ ಮನೆ ಆಳಾ, ಕಾಯ್ಕಂಡು ಕೂತಿರಾಕೆ?"

ಐವತ್ತನಾಲ್ಕು ವರ್ಷದ ಚನ್ನಲಿಂಗಪ್ಪನವರದು ಚಾಕಿ ಕೇಂದ್ರ. ಎಂದರೆ ಮೊಟ್ಟೆಯೊಡೆದ ಹುಳುವನ್ನು ಎರಡನೇ ಜ್ವರದ ತನಕ ಸಾಕಿ ರೈತರಿಗೆ ಒಪ್ಪಿಸುವ ಮನೆ. ಹುಳುಗಳ ಅಂಗನವಾಡಿ ಎಂದುಕೊಳ್ಳಿ. ಇಲ್ಲಿ ಜ್ವರವೆಂದರೆ ಮೈ ಬಿಸಿಯಲ್ಲ. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು ಒಂದು ದಿನ ಅಲುಗಾಡದೆ ಕೂರುತ್ತದೆ. ಅದು ಜ್ವರಕ್ಕೆ ಕೂರುವುದು. ಪೊರೆ ಕಳಚಿ ಮತ್ತೆ ತಿನ್ನತೊಡಗಿದರೆ ಜ್ವರ ಎದ್ದಂತೆ. ಗೂಡು ಕಟ್ಟುವ ಮೊದಲು ಹುಳುವಿಗೆ ಇಂಥ ಜ್ವರ ನಾಲ್ಕು ಬರುತ್ತವೆ.

ಚನ್ನಲಿಂಗಪ್ಪನವರ ವಿಸಿಟಿಂಗ್ ಕಾರ್ಡಿನಲ್ಲಿ 'ಚಾಕಿ ತಜ್ಞರು ಹಾಗೂ ಸಲಹೆಗಾರರು' ಎಂದಿದೆ. ರೈತ ತರಬೇತಿಗಳಲ್ಲಿ ಅವರು ಎರಡು ಸಲ ಮೈಕು ಹಿಡಿದಿದ್ದಾರೆ. ಎರಡನೆಯ ಸಲ ಮೈಕನ್ನು ವಾಪಸು ಪಡೆಯಲು ಒಬ್ಬರು ವೇದಿಕೆ ಹತ್ತಬೇಕಾಯಿತು. ಅವರು ಹೀಗೆ ಸಲಹೆ ಕೊಡುವ ಹೊತ್ತಿಗೆ ಚಾಕಿ ಮನೆಯ ಒಳಗೆ ಸೊಪ್ಪು ಹೆಚ್ಚುವುದು, ಶಾಖ ನೋಡುವುದು, ತಟ್ಟೆ ಬದಲಿಸುವುದು ಇತ್ಯಾದಿ ಚಿಲ್ಲರೆ ಕೆಲಸಗಳನ್ನು ಹೆಂಡತಿ ಗಿರಿಜಾಂಬ ನೋಡಿಕೊಳ್ಳುತ್ತಾರೆ.

ಹುಳುವಿನ ಊಟದ ವಿಷಯ ಇಷ್ಟಾಯಿತು. ತಜ್ಞರ ಊಟದ ವಿಷಯ ಬೇರೆಯೇ ಇದೆ.

ಮನೆಯಲ್ಲಿ, ಮದುವೆ ಮುಂಜಿಯಲ್ಲಿ, ನಾಲ್ಕು ಜನರ ಪಂಕ್ತಿಯಲ್ಲಿ ಚನ್ನಲಿಂಗಪ್ಪನವರು ಮಿತಾಹಾರಿ. ಬಡಿಸುವವನು ಎರಡನೇ ಸಲ ಬಂದರೆ ಎಲೆಗೆ ಅಡ್ಡ ಕೈ ಹಿಡಿಯುತ್ತಾರೆ. ವಾರಕ್ಕೆ ಮೂರು ನಾಲ್ಕು ದಿನ ಉಪವಾಸ. ಸೋಮವಾರವಂತೂ ಸರಿ, ಹುಣ್ಣಿಮೆ, ಅಮಾವಾಸ್ಯೆ, ಸಂಕ್ರಮಣ, ಯಾವುದೂ ಸಿಗದಿದ್ದರೆ ಬರಿಯ ಗುರುವಾರ. ಆದರೂ ತೂಕ ನೂರಾನಾಲ್ಕು ಕೆ.ಜಿ. "ಉಪಾಸ ಮಾಡಿ ಮಾಡಿ ಹೊಟ್ಟೇಲಿ ಗಾಳಿ ತುಂಬ್ಕಂಡೈತೆ" ಎಂಬುದು ಊರಿನ ತೀರ್ಮಾನ. ಅದನ್ನು ಅವರು ಒಪ್ಪಿಯೂ ಇಲ್ಲ, ಅಲ್ಲಗಳೆದೂ ಇಲ್ಲ.

ನಡೆಯುತ್ತಿದ್ದುದು ಇಷ್ಟು. ಚಾಕಿ ಹುಳು ತಲುಪಿಸಲು ಸಣ್ಣ ಗೂಡ್ಸ್ ಗಾಡಿಯಲ್ಲಿ ಕನಕಪುರದ ಕಡೆಗೆ ಹೋದವರು, ಹುಳು ಇಳಿಸಿದ ಮೇಲೆ ನಾಲ್ಕು ಅಂಗಡಿಗೆ ಹೋಗುತ್ತಾರೆ. ಒಂದೇ ಅಂಗಡಿಗೆ ಹೋದರೆ ಆ ಒಬ್ಬನಿಗೆ ಪೂರ್ತಿ ಲೆಕ್ಕ ಸಿಕ್ಕಿಬಿಡುತ್ತದೆ. ಆದ್ದರಿಂದ ಹೋಟೆಲಿನಲ್ಲಿ ತಟ್ಟೆ ಇಡ್ಲಿ ಪಾರ್ಸೆಲ್, ಗಾಡಿಯವಳ ಹತ್ತಿರ ಬೋಂಡ, ಇನ್ನೊಂದು ಕಡೆ ಜಿಲೇಬಿ, ಕೊನೆಗೆ ಬಸ್ ಸ್ಟ್ಯಾಂಡ್ ಹತ್ತಿರದ ಸಾಬೀರನ ಬೇಕರಿ.

"ಎಂಟು ಬನ್ನು, ಆರು ಪಪ್ಸು, ಅರ್ಧ ಕೆ.ಜಿ. ಖಾರ. ಮನೇಲಿ ನೆಂಟ್ರು."

"ಹೋದ್ವಾರ ಬಂದೋರು ಇನ್ನೂ ಹೋಗಿಲ್ವಾ ಸ್ವಾಮಿ?"

"ಅವ್ರು ಹೋದ್ರು. ಇವ್ರು ಬೇರೆ."

"ಪುಣ್ಯವಂತ್ರು ಬಿಡಿ. ನಮ್ಮನೇಗೆ ನಾಯೀನೂ ಬರಲ್ಲ," ಎಂದು ಸಾಬೀರ್ ಎರಡು ಬನ್ನು ಜಾಸ್ತಿಯೇ ಹಾಕುತ್ತಿದ್ದ. ಆ ಮನೆಯ ಅತಿಥಿ ಸತ್ಕಾರದ ಬಗ್ಗೆ ಅವನಿಗೆ ಬಹಳ ಗೌರವ.

ಉಯ್ಯಂಬಳ್ಳಿ ರಸ್ತೆಯ ತಿರುವಿನಲ್ಲಿ ಒಂದು ಹೊಂಗೆ ಮರವಿದೆ. ಅದರ ಕೆಳಗೆ ಗಾಡಿ ನಿಲ್ಲಿಸಿ, ಗಾಜು ಏರಿಸಿ, ಒಳಗಿನ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿ ತಿನ್ನಲು ಕೂರುತ್ತಾರೆ. ಮೊದಲ ಎರಡು ತುತ್ತು ರುಚಿ ತಿಳಿಯುತ್ತದೆ. ಆಮೇಲೆ ತಿಳಿಯುವುದಿಲ್ಲ. ಇಡ್ಲಿಯ ಮೇಲೆ ಜಿಲೇಬಿ, ಜಿಲೇಬಿಯ ಮೇಲೆ ಪಪ್ಸು. ಬಾಯಿಗಿಂತ ಕೈ ಮುಂದೆ. ಯಾರೋ ತಿನ್ನುತ್ತಿದ್ದಾರೆ, ತಾನು ಪಕ್ಕದ ಸೀಟಿನಲ್ಲಿ ಕೂತು ಅವನು ಮುಗಿಸಲಿ ಎಂದು ಕಾಯುತ್ತಿದ್ದೇನೆ ಅನಿಸುತ್ತದೆ. ಹೊಟ್ಟೆ ತುಂಬಿ ನೋಯುವುದು ನಿಲ್ಲಿಸಲು ಕಾರಣವಲ್ಲ. ಕವರು ಖಾಲಿಯಾಗುವುದೊಂದೇ ಕಾರಣ. ಖಾಲಿ ಕವರುಗಳನ್ನು ತಮ್ಮೂರಿಗೆ ತರುವುದಿಲ್ಲ. ಪಕ್ಕದ ಪಂಚಾಯಿತಿಯ ಚರಂಡಿಗೆ ಹಾಕುತ್ತಾರೆ. ಆ ಚರಂಡಿಯಲ್ಲಿ ಕಸ ತುಂಬಿದೆ ಎಂದು ಪಂಚಾಯಿತಿಗೆ ಅರ್ಜಿ ಬರೆದವರೂ ಅವರೇ.

ಆಮೇಲೆ ಅರ್ಧ ಗಂಟೆ ಸ್ಟೇರಿಂಗ್ ಹಿಡಿದು ಸುಮ್ಮನೆ ಕೂರುತ್ತಾರೆ. ಆ ಅರ್ಧ ಗಂಟೆಯಲ್ಲಿ ತಮ್ಮನ್ನು ತಾವು ಬೈದುಕೊಳ್ಳುವ ಮಾತುಗಳನ್ನು ಯಾವ ರೈತನಿಗೂ ಅವರು ಅಂದದ್ದಿಲ್ಲ. ಕೊನೆಗೆ ಒಂದು ಪ್ರತಿಜ್ಞೆ: ನಾಳೆ ಏನೂ ತಿನ್ನುವುದಿಲ್ಲ. ಮಾರನೆಯ ದಿನದ ಉಪವಾಸ ಹುಟ್ಟುತ್ತಿದ್ದುದು ಹೀಗೆ, ಪಂಚಾಂಗದಿಂದಲ್ಲ.

ಇದು ಯಾಕೆ ಹೀಗೆ ಎಂದು ಅವರು ಯೋಚಿಸದೇ ಇಲ್ಲ. ಮೊದಲ ಕೆಲವು ವರ್ಷ ಇದು ಬರಿಯ ಕೊಬ್ಬು, ಮನಸ್ಸು ಗಟ್ಟಿಯಿಲ್ಲದ್ದು ಎಂದುಕೊಂಡರು. ಆಮೇಲೆ ಪಿತ್ತವಿರಬಹುದು ಎಂದು ಕಷಾಯ ಕುಡಿದರು. ಅದೂ ಅಲ್ಲವೆಂದಾದ ಮೇಲೆ ಒಂದು ದಿನ, ರೈತನೊಬ್ಬನ ಮನೆಯಲ್ಲಿ ನಾಲ್ಕನೇ ಜ್ವರ ಎದ್ದ ಹುಳುಗಳ ಮುಂದೆ ನಿಂತಿದ್ದಾಗ ಅವರಿಗೆ ಉತ್ತರ ಹೊಳೆಯಿತು. ಹುಳು ತನ್ನ ಬಾಳಿನಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ತಿನ್ನುವುದು ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರದಲ್ಲಿ. ಮನೆಯ ತುಂಬ ಯಾರೋ ಹಳೆಯ ನೋಟುಬುಕ್ಕಿನ ಹಾಳೆ ಹರಿಯುತ್ತಿರುವಂಥ ಸದ್ದು. ಬಂದವರನ್ನು ಅದು ನೋಡುವುದಿಲ್ಲ, ಬೆಳಕು ನೋಡುವುದಿಲ್ಲ. ಚನ್ನಲಿಂಗಪ್ಪನವರು ಆ ತಟ್ಟೆಯನ್ನು ನೋಡುತ್ತ ನಿಂತೇ ನಿಂತರು. 'ನಂದು ಇದೇ' ಎಂದುಕೊಂಡರು. ಉಪವಾಸವೆಂದರೆ ಜ್ವರಕ್ಕೆ ಕೂರುವುದು, ಹೊಂಗೆ ಮರವೆಂದರೆ ಜ್ವರ ಏಳುವುದು. ಇದು ದೋಷವಲ್ಲ, ಸೃಷ್ಟಿಯ ನಿಯಮ.

ಈ ಸಿದ್ಧಾಂತ ಅವರಿಗೆ ಎಷ್ಟು ಹಿಡಿಸಿತೆಂದರೆ, ಗುಟ್ಟಿನ ವಿಷಯವಾಗದೇ ಇದ್ದಿದ್ದರೆ ಮೂರನೇ ಸಲ ಮೈಕು ಕೇಳುತ್ತಿದ್ದರು. ಅದರಲ್ಲಿ ಒಂದೇ ಒಂದು ತೂತಿತ್ತು. ಹುಳು ಒಂದು ವಾರ ತಿಂದು ನಿಲ್ಲಿಸುತ್ತದೆ, ಗೂಡು ಕಟ್ಟುತ್ತದೆ. ಇವರಿಗೆ ನಾಲ್ಕನೇ ಜ್ವರ ಎದ್ದು ಹನ್ನೊಂದು ವರ್ಷವಾಗಿತ್ತು.

ಎಲ್ಲ ಕೆಟ್ಟದ್ದು ಹೋದ ವರ್ಷದ ಹಿರಿಯರ ಹಬ್ಬದಲ್ಲಿ.

ಪಿತೃಪಕ್ಷದ ಅಮಾವಾಸ್ಯೆಗೆ ಅವರ ಮನೆಯಲ್ಲಿ ತಂದೆ ಬಸವಯ್ಯನವರ ಫೋಟೋದ ಮುಂದೆ ಎಡೆ ಇಡುತ್ತಾರೆ. ಬಾಳೆ ಎಲೆಯ ತುಂಬ ಅವರಿಗೆ ಇಷ್ಟವಾದ ಅಡಿಗೆ, ಪಕ್ಕದಲ್ಲಿ ಹೊಸ ಪಂಚೆ, ಟವೆಲು, ನಶ್ಯದ ಡಬ್ಬಿ. ಎಡೆ ಇಟ್ಟ ಮೇಲೆ ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಜಗಲಿಯಲ್ಲಿ ಕೂರಬೇಕು. ಹಿರಿಯರು ಬಂದು ಉಂಡುಹೋಗಲು ಅಷ್ಟು ಹೊತ್ತು. ಆಮೇಲೆ ಬಾಗಿಲನ್ನು ಮೂರು ಸಲ ತಟ್ಟಿ, ಕೆಮ್ಮಿ, ತೆಗೆಯುತ್ತಾರೆ. ಎಡೆ ಇಟ್ಟದ್ದು ಇಟ್ಟ ಹಾಗೇ ಇರುತ್ತದೆ. ಹಿರಿಯರು ವಾಸನೆ ತೆಗೆದುಕೊಂಡು ಹೋದರು ಎಂದು ಹೇಳಿ ಮಿಕ್ಕವರು ಊಟಕ್ಕೆ ಕೂರುತ್ತಾರೆ. ಅಲ್ಲಿಯವರೆಗೆ ಎಡೆ ಇಡುವ ಯಜಮಾನ ಹಿಂದಿನ ದಿನದಿಂದ ಬಾಯಿಗೆ ಏನೂ ಹಾಕುವಂತಿಲ್ಲ.

ಬಸವಯ್ಯನವರು ತೀರಿಕೊಂಡು ಆಗ ಎರಡು ವರ್ಷ. ಗಂಟಲಿನ ಕಾಯಿಲೆ. ಕೊನೆಯ ಎರಡು ತಿಂಗಳು ಮೂಗಿನ ನಳಿಕೆಯಲ್ಲಿ ಗಂಜಿ. ಆಸ್ಪತ್ರೆಯಲ್ಲಿ ಪಕ್ಕದ ಮಂಚದವರ ಟಿಫನ್ ಡಬ್ಬಿಯ ಕಡೆ ಕೈ ತೋರಿಸುತ್ತಿದ್ದರು. "ಹಸ್ಕಂಡೇ ಹೋದ್ರು" ಎಂಬ ಒಂದು ಮಾತು ಚನ್ನಲಿಂಗಪ್ಪನವರ ತಾಯಿ, ಎಂಬತ್ತರ ಸಿದ್ದಗಂಗಮ್ಮನ ಬಾಯಿಂದ ದಿನಕ್ಕೊಂದು ಸಲವಾದರೂ ಬರುತ್ತಿತ್ತು. ಆಕೆ ಸಿಹಿ ಬಿಟ್ಟಿದ್ದರು. ನಿದ್ದೆಯೂ ಸರಿಯಿರಲಿಲ್ಲ.

ಹೋದ ವರ್ಷ ಎಡೆ ಇಟ್ಟು ಬಾಗಿಲು ಮುಚ್ಚಿದಾಗ ಚನ್ನಲಿಂಗಪ್ಪನವರು ಒಂದೂವರೆ ದಿನದಿಂದ ಉಪವಾಸವಿದ್ದರು. ಎಡೆಯ ಕೋಣೆಗೆ ಹಿಂದುಗಡೆಯಿಂದ, ಸೊಪ್ಪು ಇಡುವ ಮನೆಯ ಕಡೆಗೆ ಇನ್ನೊಂದು ಬಾಗಿಲಿದೆ. "ಸೊಪ್ಪು ಬಾಡ್ತಾ ಐತೇನೋ ನೋಡ್ಕಂಡು ಬತ್ತೀನಿ" ಎಂದು ಎದ್ದರು. ಒಂದು ಕಜ್ಜಾಯ ಮಾತ್ರ ಎಂದುಕೊಂಡು ಒಳಗೆ ಹೋದರು.

ಮೂರು ಸಲ ತಟ್ಟಿ ಬಾಗಿಲು ತೆಗೆದಾಗ ಎಲೆ ಬೋಳಾಗಿತ್ತು. ಹದಿನಾಲ್ಕು ಕಜ್ಜಾಯ, ವಡೆ, ಎಳ್ಳುಂಡೆ, ಚಿತ್ರಾನ್ನ, ಕೋಸಂಬರಿ, ಪಾಯಸ ಎಲ್ಲವೂ ಹೋಗಿದ್ದವು. ಉಳಿದದ್ದು ನಶ್ಯ.

"ಬೆಕ್ಕಿರಬೌದಾ?" ಎಂದರು ಗಿರಿಜಾಂಬ.

"ಬೆಕ್ಕು ಕೋಸಂಬರಿ ತಿಂತದೇನೇ?" ಎಂದು ಸಿದ್ದಗಂಗಮ್ಮ ಬಾಗಿಲ ಹತ್ತಿರವೇ ಕುಸಿದು ಕೂತರು. "ಬಂದಿದ್ರು. ನಶ್ಯ ಮುಟ್ಟಿಲ್ಲ ನೋಡು. ಬ್ಯಾಡ ಅಂತ ಡಾಕ್ಟ್ರು ಹೇಳಿದ್ರಲ್ಲ, ಅಲ್ಲೂ ಬುಟ್ಟವ್ರೆ."

ಕೈ ತೊಳೆದುಕೊಂಡು ಬಂದು ಹಿಂದೆ ನಿಂತಿದ್ದ ಮಗನಿಗೆ ಆಗಲೇ ಹೇಳಿಬಿಡಬೇಕಿತ್ತು. ಆದರೆ ಅಂದು ಮಧ್ಯಾಹ್ನ ಸಿದ್ದಗಂಗಮ್ಮ ಎರಡು ವರ್ಷದ ಮೇಲೆ ಒಂದು ಲೋಟ ಪಾಯಸ ಕುಡಿದರು. ಅಂದಿನಿಂದ ನಿದ್ದೆ ಮಾಡಿದರು. "ಹಸ್ಕಂಡೇ ಹೋದ್ರು" ಎಂಬ ಮಾತು ನಿಂತಿತು. ಅದರ ಜಾಗಕ್ಕೆ "ಬಂದು ಉಂಡೋದ್ರು" ಬಂತು. ಅದನ್ನು ಆಕೆ ಕೆಂಗಲ್ ಆಂಜನೇಯನ ಗುಡಿಯಲ್ಲಿ ಗುರುತು ಪರಿಚಯವಿಲ್ಲದ ಹೆಂಗಸರಿಗೂ ಹೇಳಿ ಬಂದರು.

ಈ ವರ್ಷ ಆಷಾಢದಲ್ಲಿ ಚನ್ನಲಿಂಗಪ್ಪನವರ ಕಾಲಿನ ಒಂದು ಗಾಯ ತಿಂಗಳಾದರೂ ಮಾಯಲಿಲ್ಲ. ಆಸ್ಪತ್ರೆಯಲ್ಲಿ ರಕ್ತ ನೋಡಿ ಸಕ್ಕರೆ ಕಾಯಿಲೆ ಎಂದರು. ಏನೇನು ತಿನ್ನಬಾರದು ಎಂದು ಅಚ್ಚು ಹಾಕಿಸಿದ್ದ ಒಂದು ಹಾಳೆ ಕೊಟ್ಟರು. ಇವರು ಹಾಳೆಯಲ್ಲಿ ಎರಡು ತಪ್ಪು ಹುಡುಕಿ ಡಾಕ್ಟರಿಗೆ ತೋರಿಸಿದರು. ಡಾಕ್ಟರು ಅವರನ್ನು ಆಪ್ತ ಸಮಾಲೋಚಕರ ಕೋಣೆಗೆ ಕಳಿಸಿದರು.

ಅಲ್ಲಿದ್ದವಳು ಕೆಹಕಶಾನ್ ಎಂಬ ರಾಮನಗರದ ಹುಡುಗಿ, ಇಪ್ಪತ್ತೆಂಟಿರಬಹುದು.

"ಕೂತ್ಕೊಳ್ಳಿ ಸರ್."

'ಸರ್' ಎಂಬುದು ಕೆಲಸ ಮಾಡಿತು. ಚನ್ನಲಿಂಗಪ್ಪನವರು ಕೂತು ಗಂಟಲು ಸರಿಮಾಡಿಕೊಂಡರು. "ನಂದೇನಿಲ್ಲ ಮಗಳೆ. ನಮ್ಮೂರಾಗೆ ಒಬ್ಬ ಅವ್ನೆ. ಅವನ ವಿಚಾರ ಒಂದು ಕೇಳವಾ ಅಂತ."

"ಕೇಳಿ ಸರ್. ಅವರ ಹೆಸರೇನೂ ಬೇಡ. ಅವರು ತಿನ್ನುವಾಗ ಹಸಿವಿರುತ್ತಾ?"

"ಶುರುವಿಗೆ ಇರ್ತದೆ. ಆಮ್ಯಾಕೆ ಹಸಿವಿಗೂ ಅದಕ್ಕೂ ಸಂಬಂಧ ಇಲ್ಲ."

"ಜೊತೆಗೆ ಯಾರಾದ್ರೂ ಇರ್ತಾರಾ?"

"ಜನ ಇದ್ರೆ ಎರಡಿಡ್ಲಿ ತಿಂದು ಕೈ ತೊಳ್ಕತಾನೆ. ಭಾರಿ ನೇಮಸ್ಥ ಅಂತ ಹೆಸ್ರು."

"ತಿಂದಾದ ಮೇಲೆ ಹೇಗಿರ್ತಾರೆ?"

ಚನ್ನಲಿಂಗಪ್ಪನವರು ಕಿಟಕಿಯ ಕಡೆ ನೋಡಿದರು. "ಗಾಡಿ ಕನ್ನಡಿ ಮ್ಯಾಲಕ್ಕೆ ತಿರುಗ್ಸಿರ್ತಾನಲ್ಲ, ಅದನ್ನ ಮನೆ ಬರೋಗಂಟ ಇಳ್ಸಾಕಿಲ್ಲ."

ಆಮೇಲೆ ಹುಳುವಿನ ಸಿದ್ಧಾಂತವನ್ನು ವಿವರವಾಗಿ ಹೇಳಿದರು. ಜ್ವರಕ್ಕೆ ಕೂರುವುದು, ಏಳುವುದು, ಸೃಷ್ಟಿಯ ನಿಯಮ. ಕೆಹಕಶಾನ್ ಮಧ್ಯೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ, "ನಮ್ಮಪ್ಪ ರೀಲರ್ ಸರ್, ಜಬ್ಬಾರ್ ಅಂತ. ಗೂಡು ತಂದು ನೂಲು ತೆಗೆಸ್ತಾರೆ. ನನಗೊಂದು ಡೌಟು. ಜ್ವರಕ್ಕೆ ಹುಳ ತಾನಾಗೇ ಕೂರುತ್ತಾ, ಸಾಕೋರು ಕೂರಿಸ್ತಾರಾ?" ಎಂದಳು.

"ತಾನಾಗೇ ಕೂರ್ತದೆ. ನಾವೆಂಗೆ ಕೂರ್ಸಾದು?"

"ಹಸಿದಿರೋ ಹುಳಕ್ಕೆ ಇವತ್ತು ನಿಂಗೆ ಜ್ವರ ಅಂತ ಹೇಳಿ ಒಂದು ದಿನ ಸೊಪ್ಪು ನಿಲ್ಲಿಸಿದ್ರೆ?"

ತಜ್ಞರಿಗೆ ರೇಗಿತು. "ಅಂಥೋನಿಗೆ ನಾನು ಚಾಕೀನೇ ಕೊಡಾಕಿಲ್ಲ. ಒಂದಿನ ಒಣಗ್ಸಿ, ಮಾರ್ನೇ ದಿನ ರಾಶಿ ಸುರಿದ್ರೆ ಸಪ್ಪೆ ರೋಗ ಬತ್ತದೆ. ತಟ್ಟೆ ತಟ್ಟೇನೇ ಹೋಯ್ತದೆ. ಅದ್ರಲ್ಲಿ ಹುಳದ್ದೇನು ತಪ್ಪು? ಸಾಕೋನ್ದು ತಪ್ಪು."

ಹೇಳಿ ಮುಗಿಸಿದವರ ಕಣ್ಣು ತಮ್ಮದೇ ಹೊಟ್ಟೆಯ ಮೇಲೆ ಬಿತ್ತು.

"ಇಷ್ಟನ್ನೇ ಅವರಿಗೆ ಹೇಳಿ ಸರ್," ಎಂದಳು ಕೆಹಕಶಾನ್.

ಇದಕ್ಕೊಂದು ಹೆಸರೂ ಇದೆ, ಬಿಂಜ್ ಈಟಿಂಗ್ ಡಿಸಾರ್ಡರ್ ಎನ್ನುತ್ತಾರೆ, ಇದು ಕೊಬ್ಬಲ್ಲ, ಕಾಯಿಲೆ, ಬಹಳ ಜನಕ್ಕಿದೆ ಎಂದಳು. ಚನ್ನಲಿಂಗಪ್ಪನವರಿಗೆ ಸಮಾಧಾನವಾಗುವ ಮೊದಲು ಸ್ವಲ್ಪ ಅವಮಾನವೇ ಆಯಿತು. ಹನ್ನೊಂದು ವರ್ಷ ತಾವೊಬ್ಬರೇ ಕಾಪಾಡಿಕೊಂಡು ಬಂದ ಸಂಗತಿ ಇಷ್ಟು ಸರ್ವೇಸಾಮಾನ್ಯ ಎಂದು ಅವರು ಎಣಿಸಿರಲಿಲ್ಲ.

ಊರಿನ ಆ 'ಒಬ್ಬ'ನಿಗೆ ಅವಳು ಹೇಳಿಕಳಿಸಿದ್ದು ಸುಲಭದ ಮಾತು. ಯಾವ ದಿನವೂ ಉಪವಾಸ ಬೇಡ. ಮೂರು ಹೊತ್ತು ಊಟ, ನಡುವೆ ಎರಡು ಸಲ ಒಂದಿಷ್ಟು ಏನಾದರೂ. ಹೊಂಗೆ ಮರದ ಕೆಳಗೆ ತಿಂದರೂ ಮಾರನೆಯ ದಿನದ ತಿಂಡಿ ತಪ್ಪಿಸಬಾರದು. ತಿಂದದ್ದನ್ನೆಲ್ಲ ಬರೆಯಬೇಕು, ರುಚಿ ಹೇಗಿತ್ತು ಎಂದು ಒಂದು ಮಾತು ಸಹಿತ. ಚನ್ನಲಿಂಗಪ್ಪನವರು ಹುಳುವಿಗೆ ಸೊಪ್ಪು ಹಾಕಿದ ಹೊತ್ತು ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯತೊಡಗಿದರು. ಬೆಳಿಗ್ಗೆ ಎಂಟು: ರೊಟ್ಟಿ ಎರಡು. ಹನ್ನೊಂದು: ಮಜ್ಜಿಗೆ, ಸೌತೆಕಾಯಿ. ರುಚಿಯ ಕಾಲಮ್ಮು ಮಾತ್ರ ಖಾಲಿ. ಅಲ್ಲಿ ಏನು ಬರೆಯಬೇಕೆಂದೇ ಹೊಳೆಯುತ್ತಿರಲಿಲ್ಲ.

ಮೂರನೇ ಸಲ ಹೋದಾಗ ಊರಿನ ಆ ಒಬ್ಬ ತಾವೇ ಎಂದು ಒಪ್ಪಿಕೊಂಡರು. ಕೆಹಕಶಾನ್ ಆಶ್ಚರ್ಯಪಟ್ಟ ಹಾಗೆ ಮಾಡಿದಳು. ಅಷ್ಟು ಹೊತ್ತಿಗೆ ವಾರಕ್ಕೆ ನಾಲ್ಕು ಸಲ ಆಗುತ್ತಿದ್ದದ್ದು ಒಂದಕ್ಕೆ ಇಳಿದಿತ್ತು. ಯಾವಾಗಿನಿಂದ ಹೀಗೆ ಎಂದು ಅವಳು ಕೇಳಿದ್ದಕ್ಕೆ, "ಗಾಡಿ ತಗಂಡ ವರ್ಷದಿಂದ" ಎಂದರು. ಒಬ್ಬರೇ ಕೂತು ತಿನ್ನಲು ಜಾಗ ಸಿಕ್ಕಿದ್ದು ಆಗಲೇ.

ಹೀಗಿರುವಾಗ ಮತ್ತೆ ಹಿರಿಯರ ಹಬ್ಬ ಹತ್ತಿರ ಬಂತು.

ಸಿದ್ದಗಂಗಮ್ಮ ಈ ಸಲ ಇಪ್ಪತ್ತೊಂದು ಕಜ್ಜಾಯವೆಂದು ಸಾರಿದರು. ಉಯ್ಯಂಬಳ್ಳಿಯಿಂದ ತಮ್ಮ ಬೈರಪ್ಪನನ್ನು ಬರಹೇಳಿದರು. ಬೈರಪ್ಪ ಯಾವುದನ್ನೂ ಕಣ್ಣಾರೆ ಕಾಣದೆ ನಂಬುವವನಲ್ಲ. "ಬಾಗ್ಲು ತೆಗೆಯೋದ್ನ ನಾನು ಮೊಬೈಲ್‌ನಾಗೆ ಹಿಡಿತೀನಿ ಅಕ್ಕಯ್ಯ. ಭಾವ ಉಂಡಿರೋದು ನಾಕ್ ಜನ ನೋಡ್ಲಿ" ಎಂದ.

ಚನ್ನಲಿಂಗಪ್ಪನವರಿಗೆ ಎರಡೇ ದಾರಿ. ಉಪವಾಸವಿದ್ದು, ಹಿಂದಿನ ಬಾಗಿಲಿನಿಂದ ಹೋಗಿ ಇಪ್ಪತ್ತೊಂದು ಕಜ್ಜಾಯ ತಿನ್ನುವುದು. ಆಗ ತಾಯಿಗೆ ನೆಮ್ಮದಿ. ಎರಡು ತಿಂಗಳು ಹೊತ್ತಿಗೆ ಸರಿಯಾಗಿ ತಿಂದದ್ದೆಲ್ಲ ನೀರಿಗೆ. ಮುಂದಿನ ವರ್ಷ ಇಪ್ಪತ್ತೆಂಟು. ಇಲ್ಲವೇ ತಿನ್ನದಿರುವುದು. ಆಗ ಎಲೆ ತುಂಬಿದ ಹಾಗೇ ಇರುತ್ತದೆ, ಗಂಡ ಮುನಿಸಿಕೊಂಡರು ಎಂದು ಎಂಬತ್ತರ ಮುದುಕಿ ಮತ್ತೆ ನಿದ್ದೆ ಬಿಡುತ್ತಾಳೆ. ಜೀವಮಾನದಲ್ಲಿ ಮೊದಲ ಸಲ ಅವರು ಬೇರೆಯವರ ಸಲಹೆ ಕೇಳಿದರು. ಕೆಹಕಶಾನ್ ಮಾತ್ರ, "ಮನೆ ವಿಷಯ ನೀವೇ ತೀರ್ಮಾನ ಮಾಡಿ ಸರ್. ಆದ್ರೆ ಅವತ್ತು ನೀವು ಹಸ್ಕೊಂಡಿದ್ರೆ ನಾನೇನೂ ಗ್ಯಾರಂಟಿ ಕೊಡಲ್ಲ" ಎಂದುಬಿಟ್ಟಳು.

ಹಬ್ಬಕ್ಕೆ ಮೂರು ದಿನವಿರುವಾಗ, ಮಧ್ಯಾಹ್ನ, ಸಿದ್ದಗಂಗಮ್ಮ ಹಜಾರದಲ್ಲಿ ಮೊರದಲ್ಲಿ ಎಳ್ಳು ಕೇರುತ್ತಿದ್ದರು. ಮಗ ಬಂದು ಎದುರಿಗೆ ಕೂತರು. ಗಂಟಲು ಸರಿಮಾಡಿಕೊಳ್ಳಲಿಲ್ಲ.

"ಅವ್ವ, ಹೋದೊರ್ಸ ಎಡೆ ಉಂಡಿದ್ದು ಅಪ್ಪ ಅಲ್ಲ. ನಾನು."

"ಯಾವ ಎಡೆ?"

"ಅಪ್ಪನ್ ಎಡೆ. ಸೊಪ್ಪಿನ ಮನೆ ಬಾಗ್ಲಿಂದ ಬಂದು ನಾನೇ ತಿಂದೆ."

ಮೊರ ನಿಂತಿತು. "ಎಲ್ಲಾನೂವಾ?"

"ಎಲ್ಲಾನೂ."

"ಹದ್ನಾಕು ಕಜ್ಜಾಯ ಇತ್ತಲ್ಲೋ."

"ಹ್ಞೂ ಕಣವ್ವ."

ಬೈಗುಳಕ್ಕೆ, ಅಳುವಿಗೆ, ಕೊನೆಗೆ ಮೊರದ ಏಟಿಗೂ ಚನ್ನಲಿಂಗಪ್ಪನವರು ತಯಾರಾಗಿದ್ದರು. ಸಿದ್ದಗಂಗಮ್ಮ ಎಳ್ಳಿನಲ್ಲಿ ಕೈಯಾಡಿಸಿ, "ಚೆನ್ನಾಗಿತ್ತಾ?" ಎಂದರು.

"ಗೊತ್ತಿಲ್ಲ ಅವ್ವ. ರುಚಿ ತಿಳೀನಿಲ್ಲ."

"ಮೂರ್ದಿನ ಅಕ್ಕಿ ನೆನಾಕಿ, ಕುಟ್ಟಿ, ಕಣ್ಣು ಸರಿಯಾಗಿ ಕಾಣ್ದೆ ಇದ್ರೂ ನಾನೇ ನಿಂತ್ಕಂಡು ಪಾಕ ಹಿಡ್ದಿದ್ದೆ. ರುಚಿ ತಿಳೀನಿಲ್ವಾ?"

ಅದು ಕಾಯಿಲೆ, ಅದಕ್ಕೆ ಇಂಗ್ಲಿಷಿನಲ್ಲಿ ಹೆಸರಿದೆ ಎಂದು ಮಗ ಹೇಳಹೊರಟರು. ಆಕೆ ಕೇಳಿಸಿಕೊಳ್ಳಲಿಲ್ಲ. "ಹಂಗಾರೆ ಅವ್ರು ಬಂದಿರ್ನಿಲ್ಲ" ಎಂದು ಮೊರ ಎತ್ತಿಕೊಂಡು ಒಳಗೆ ಹೋದರು.

ಎರಡು ದಿನ ಮಾತಿಲ್ಲ. ಗಿರಿಜಾಂಬನಿಗೂ ಅವರು ಎಲ್ಲವನ್ನೂ ಹೇಳಿದರು. ಆಕೆ ಹೆಚ್ಚಿದ ಸೊಪ್ಪು ಹರಡುತ್ತಲೇ, "ಗಾಡಿ ತೊಳೆಯೋಳು ನಾನಲ್ವೇನ್ರೀ. ಸೀಟಿನ ಸಂದೀಲಿ ಪಪ್ಸಿನ ಚೂರು ಹುಳ ತಂದಾಕ್ತಾವಾ?" ಎಂದರು.

"ಗೊತ್ತಿದ್ರೆ ಯಾಕೆ ಕೇಳ್ನಿಲ್ಲ?"

"ಕೇಳಿದ್ರೆ ಇನ್ನೆಲ್ಲಿ ಹೋಗಿ ತಿಂತಿದ್ರೋ. ಗಾಡೀಲಾದ್ರೆ ನೆಳ್ಳಾದ್ರೂ ಇತ್ತು."

ಚನ್ನಲಿಂಗಪ್ಪನವರು ಆ ದಿನ ಫೋನು ಮಾಡಿದ ಇಬ್ಬರು ರೈತರಿಗೆ ಸಲಹೆ ಕೊಡಲಿಲ್ಲ. "ನನ್ ಹೆಂಡ್ತೀನ ಕೇಳು" ಎಂದರು. ಇಬ್ಬರೂ ಗಾಬರಿಯಾಗಿ ಅವರ ಆರೋಗ್ಯ ವಿಚಾರಿಸಿದರು.

ಹಬ್ಬದ ದಿನ ಬೆಳಿಗ್ಗೆ ಏಳು ಗಂಟೆಗೆ ಸಿದ್ದಗಂಗಮ್ಮ ಒಂದು ತಟ್ಟೆ ತಂದು ಮಗನ ಮುಂದೆ ಕುಕ್ಕಿದರು. ಎರಡು ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ.

"ತಿನ್ನು."

"ಅವ್ವ, ಎಡೆ ಇಡೋನು ತಿನ್ನಂಗಿಲ್ಲ..."

"ನಿಮ್ಮಪ್ಪಂಗೆ ನುಂಗಾಕೆ ಆಯ್ತಿರ್ನಿಲ್ಲ. ನಿಂಗೆ ನಿಲ್ಸಾಕೆ ಆಗ್ನಿಲ್ಲ. ಅಪ್ಪ ಮಗ ಇಬ್ರುದೂ ಗಂಟ್ಲು ಸರಿಯಿಲ್ಲ. ಹಸ್ಕಂಡಿರೋನ ಕೈಲಿ ಎಡೆ ಇಡ್ಸಾಕೆ ನಂಗೆ ಧೈರ್ಯ ಇಲ್ಲ ಕಣ್ಲಾ. ತಿನ್ನು."

ತಿನ್ನುವವರೆಗೆ ಎದುರಿಗೇ ಕೂತಿದ್ದರು. ಪ್ರೀತಿಯಿಂದ ಎನ್ನುವುದಕ್ಕಿಂತ ಕಾವಲಿಗೆ ಕೂತಂತಿತ್ತು. ಹನ್ನೊಂದು ಗಂಟೆಗೆ ಒಂದು ಲೋಟ ಮಜ್ಜಿಗೆಯೂ ಬಂತು. ಆಮೇಲೆ ಆಕೆ ಸೊಪ್ಪಿನ ಮನೆಯ ಬಾಗಿಲಿಗೆ ಬೀಗ ಹಾಕಿ ಕೀಲಿಕೈಯನ್ನು ಸೆರಗಿಗೆ ಕಟ್ಟಿಕೊಂಡರು.

ಎಡೆ ಇಟ್ಟು ಬಾಗಿಲು ಮುಚ್ಚಿದರು. ಎಲ್ಲರೂ ಜಗಲಿಯಲ್ಲಿ ಕೂತರು. ಬೈರಪ್ಪ ಮೊಬೈಲನ್ನು ಪಂಚೆಯ ತುದಿಯಿಂದ ಒರೆಸುತ್ತಿದ್ದ. ಒಳಗಿನಿಂದ ತುಪ್ಪದಲ್ಲಿ ಕರಿದ ಬೆಲ್ಲದ ವಾಸನೆ ಬಂತು. ಚನ್ನಲಿಂಗಪ್ಪನವರ ಹೊಟ್ಟೆಯಲ್ಲಿ ರೊಟ್ಟಿ ಇತ್ತು, ಹಸಿವಿರಲಿಲ್ಲ. ಆದರೂ ಬೀಗದ ನೆನಪು ಎರಡು ಸಲ ಬಂತು. ಕಿಟಕಿಯ ನೆನಪೂ ಒಂದು ಸಲ ಬಂತು.

ಸಿದ್ದಗಂಗಮ್ಮ ಅಡಿಗೆಮನೆಯಿಂದ ಒಂದು ತಟ್ಟೆ ತಂದು, ಅದರಿಂದ ಒಂದು ಕಜ್ಜಾಯ ತೆಗೆದು ಮಗನ ಕೈಗಿಟ್ಟರು.

"ಬಾಗ್ಲು ತೆಗೆಯೋಕೆ ಮುಂಚೇನೇ ಕೊಡ್ತೀಯಲ್ಲ ಅಕ್ಕಯ್ಯ?" ಎಂದ ಬೈರಪ್ಪ.

"ಆರೋಯ್ತದೆ. ನೀನೂ ತಗ, ಬಾಯಿ ಮುಚ್ಕಂಡಿರು."

ಚನ್ನಲಿಂಗಪ್ಪನವರು ಮುರಿದು ಸಣ್ಣ ಚೂರು ಬಾಯಿಗಿಟ್ಟರು. ತಾಯಿ ನೋಡುತ್ತಿದ್ದುದರಿಂದ ಅಗಿದರು. ಒಂದು ಕಜ್ಜಾಯ ಮುಗಿಯಲು ಐದು ನಿಮಿಷ ಹಿಡಿಯಿತು. ಇನ್ನೊಂದು ಕೊಟ್ಟರು. ಅದೂ ಮುಗಿಯಿತು. ಆಮೇಲೆ ಆಕೆ ತಟ್ಟೆ ಎತ್ತಿಕೊಂಡು ಎದ್ದರು.

ಬಾಗಿಲು ಮೂರು ಸಲ ತಟ್ಟಿ, ಕೆಮ್ಮಿ, ತೆಗೆದರು. ಬೈರಪ್ಪ ಮೊಬೈಲ್ ಚಾಚಿದ. ಎಲೆ ತುಂಬಿತ್ತು. ಇಪ್ಪತ್ತೊಂದಕ್ಕೆ ಇಪ್ಪತ್ತೊಂದೂ ಇದ್ದವು. ಚನ್ನಲಿಂಗಪ್ಪನವರು ತಾಯಿಯ ಮುಖ ನೋಡುವ ಧೈರ್ಯವಾಗದೆ ತಂದೆಯ ಫೋಟೋ ನೋಡಿದರು.

"ಅಕ್ಕಯ್ಯ, ಇಟ್ಟಂಗೇ ಐತಲ್ಲ," ಎಂದ ಬೈರಪ್ಪ, ಮೊಬೈಲ್ ಇಳಿಸದೆ.

"ಹೋದೊರ್ಸ ಉಂಡಿದ್ದೇ ಅವ್ರಿಗಿನ್ನೂ ಅರಗಿಲ್ಲ," ಎಂದರು ಸಿದ್ದಗಂಗಮ್ಮ, ಮಗನ ಕಡೆ ತಿರುಗದೆ. "ಎಲೆ ಹಾಕು ಗಿರಿಜಾ. ಹೊತ್ತಾಯ್ತು."

ಬೈರಪ್ಪ ಯೋಚಿಸಿದ. "ಅದೂ ಸರಿ ಅನ್ನು. ಹದ್ನಾಕು ಕಜ್ಜಾಯ ಅಂದ್ರೆ ಕಮ್ಮಿಯಾ," ಎಂದು ಮೊಬೈಲ್ ಜೇಬಿಗೆ ಹಾಕಿಕೊಂಡ.

ಇದರಿಂದ ಎಲ್ಲ ಸರಿಹೋಯಿತು ಎಂದು ಹೇಳುವಂತಿಲ್ಲ. ಸಿದ್ದಗಂಗಮ್ಮ ಈಗಲೂ ಕೆಲವು ಸಂಜೆ, ದೀಪ ಹಚ್ಚುವಾಗ, "ಹಸ್ಕಂಡೇ ಹೋದ್ರು" ಅನ್ನುತ್ತಾರೆ. ಪಾಯಸ ಮಾತ್ರ ಬಿಟ್ಟಿಲ್ಲ. ಚನ್ನಲಿಂಗಪ್ಪನವರು ಹಬ್ಬವಾದ ಒಂಬತ್ತನೇ ದಿನ ಮತ್ತೆ ಸಾಬೀರನ ಬೇಕರಿಗೆ ಹೋದರು, ಹೊಂಗೆ ಮರದ ಕೆಳಗೂ ನಿಂತರು. ಆದರೆ ಕವರುಗಳನ್ನು ಮನೆಗೇ ತಂದರು. ಪುಸ್ತಕದಲ್ಲಿ ಬರೆದರು. ಮಾರನೆಯ ದಿನ ಜ್ವರಕ್ಕೆ ಕೂರದೆ ಎಂಟು ಗಂಟೆಗೆ ರೊಟ್ಟಿ ತಿಂದರು. ಹುಳುವಿನ ಸಿದ್ಧಾಂತವನ್ನೂ ಅವರು ಕೈಬಿಟ್ಟಿಲ್ಲ, ತಿದ್ದಿಕೊಂಡಿದ್ದಾರೆ. ತಪ್ಪು ಹುಳುವಿನದಲ್ಲ, ಸಾಕುವವನ ಹೊತ್ತು ಸರಿಯಿಲ್ಲ ಎಂಬುದು ಈಗಿನ ಪಾಠ. ಮೈಕು ಸಿಕ್ಕರೆ ಹೇಳುವವರೇ.

ದೀಪಾವಳಿಯ ಹಿಂದಿನ ದಿನ ಗಿರಿಜಾಂಬ ಸೊಪ್ಪಿನ ಹೊತ್ತು ನೋಡಲು ಆ ಪುಸ್ತಕ ತೆಗೆದಾಗ ಹಿಂದಿನ ಹಾಳೆಗಳು ಬಿಚ್ಚಿಕೊಂಡವು. ರುಚಿಯ ಕಾಲಮ್ಮು ಪುಟಗಟ್ಟಲೆ ಖಾಲಿಯಿತ್ತು. ಹಿರಿಯರ ಹಬ್ಬದ ದಿನದ ಎದುರಿಗೆ ಮಾತ್ರ ಒಂದು ಸಾಲು. ಅದನ್ನು ಆಕೆ ಹಜಾರದಲ್ಲಿದ್ದ ಅತ್ತೆಗೆ ಕೇಳುವಂತೆ ಗಟ್ಟಿಯಾಗಿ ಓದಿದರು: "ಕಜ್ಜಾಯ ಎರಡು. ಬೆಲ್ಲ ಸ್ವಲ್ಪ ಜಾಸ್ತಿಯಾಗಿದೆ."

ಸಿದ್ದಗಂಗಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಿದರು.

"ಬೆಲ್ಲ ಜಾಸ್ತಿಯಂತಾ? ಹದ್ನಾಕು ನುಂಗ್ದಾಗ ಏನೂ ತಿಳೀನಿಲ್ಲ, ಎರಡು ತಿಂದ ತಕ್ಷಣ ಬೆಲ್ಲದ ಲೆಕ್ಕ ಹೇಳಾಕೆ ಬಂದ್ಬುಟ್ಟ," ಎಂದರು. ಆಮೇಲೆ ಮೊರ ಹತ್ತಿರಕ್ಕೆ ಎಳೆದುಕೊಂಡು, "ಒಸಿ ಜಾಸ್ತೀನೇ ಆಗಿತ್ತು. ಹಳೇ ಬೆಲ್ಲ ಅದು," ಎಂದು ಮತ್ತೆ ಅಕ್ಕಿ ಆರಿಸತೊಡಗಿದರು.